ಹಂಪ್ ಯಾರ ಮನೆ ಮುಂದೆ?

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಶಾಮಲಾ ಟೀಚರ್, ಮಹಿಳಾ ಮೀಸಲಾತಿ ಬಂದಾಗ ಶಿವಮೊಗ್ಗದ ರವೀಂದ್ರನಗರದಿಂದ ನಗರಸಭೆಗೆ ನಿಂತು ಗೆದ್ದರು. ಉತ್ತರವೆಂದರೆ ಸರಿ, ಇಲ್ಲವೇ ತಪ್ಪು. ನಡುವೆ ಇನ್ನೊಂದು ಇರಬಹುದೆಂಬುದು ಅವರ ತಲೆಗೇ ಹೋಗಿರಲಿಲ್ಲ.

ಗೆದ್ದ ತಿಂಗಳೇ ಬೀದಿಯವರೆಲ್ಲ ಬಂದು ಹಂಪ್ ಕೇಳಿದರು. ಆ ರಸ್ತೆಯಲ್ಲಿ ಕಾಲೇಜು ಹುಡುಗರ ಬೈಕುಗಳ ಹಾವಳಿ. ತಪ್ಪಿಸಿಕೊಳ್ಳಲು ಹೋದ ನಿವೃತ್ತ ತಹಶೀಲ್ದಾರರೊಬ್ಬರು ಹಾಲಿನ ಪ್ಯಾಕೆಟ್ ಸಮೇತ ಚರಂಡಿಗೆ ಬಿದ್ದಿದ್ದರು. "ಸರಿ, ಎಲ್ಲಿ ಹಾಕಿಸಲಿ?" ಎಂದು ಟೀಚರ್ ಕೇಳಿದ್ದೇ ತಡ, ಪ್ರತಿಯೊಬ್ಬರೂ ಪಕ್ಕದವರ ಮನೆಯತ್ತ ಕೈ ತೋರಿಸಿದರು. ಹಗಲೂ ರಾತ್ರಿ ಬ್ರೇಕಿನ ಕಿರುಚಾಟ ಯಾರಿಗೆ ಬೇಕು?

"ಭದ್ರಾವತಿಗೆ ಹೋಗಿ ರಾಮಚಂದ್ರಪ್ಪನೋರನ್ನ ಒಂದು ಮಾತು ಕೇಳು," ಎಂದರು ಗಂಡ ಶಿವರಾಮ. ರಾಮಚಂದ್ರಪ್ಪ ಅಲ್ಲಿನ ಓಲ್ಡ್ ಟೌನಿನಿಂದ ಸತತವಾಗಿ ಗೆಲ್ಲುತ್ತಿದ್ದ ಹಳೇ ಹುಲಿ.

ಟೀಚರ್ ಹೋದಾಗ ರಾಮಚಂದ್ರಪ್ಪನವರ ಜಗುಲಿಯಲ್ಲಿ ಅಂಗಡಿಯವರು ಕೂತಿದ್ದರು. ರಸ್ತೆ ಅಗಲ ಮಾಡಿದರೆ ತಮ್ಮ ಬದುಕು ಮುಳುಗುತ್ತದೆ ಎಂದರು. "ನಿಮ್ಮ ಕಷ್ಟ ನಂಗೆ ಗೊತ್ತಿಲ್ವಾ? ನಾನಿದ್ದೀನಿ, ಹೋಗಿ!" ಎಂದರು ರಾಮಚಂದ್ರಪ್ಪ. ಅಂಗಡಿಯವರು ನಗುತ್ತ ಹೋದರು. ಆಟೋದವರು ಬಂದರು. ರಸ್ತೆ ಅಗಲ ಮಾಡಲೇಬೇಕು ಎಂದರು. "ನಿಮ್ಮ ಕಷ್ಟ ನಂಗೆ ಗೊತ್ತಿಲ್ವಾ?" ಅವರೂ ನಗುತ್ತ ಹೋದರು.

ಹಂಪಿನ ಗೋಳು ಹೇಳಿಕೊಂಡ ಮೇಲೆ ಟೀಚರಿಗೆ ತಡೆಯಲಾಗಲಿಲ್ಲ. "ರಸ್ತೆ ಅಗಲ ಆಗುತ್ತೋ, ಇಲ್ವೋ?"

"ನಂಗೇನಮ್ಮಾ ಗೊತ್ತು? ನೀವೂ ಹಂಪ್ ಬೇಕೇ ಬೇಕು ಅಂತ ಮೈಕಲ್ಲಿ ಕೂಗಿ. ಚಪ್ಪಾಳೆ ಹೊಡೀತಾರೆ. ಎಲ್ಲಿ ಅಂತ ಮಾತ್ರ ಬಾಯಿ ಬಿಡಬೇಡಿ. ಬಿಟ್ರೋ, ಕೆಟ್ರಿ."

ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ಟೀಚರ್ ಒಳಗೊಳಗೇ ಕುದಿಯುತ್ತಿದ್ದರು. ಇದೂ ಒಂದು ಉತ್ತರವೇ? ಮರುದಿನ ಟೇಪು ಹಿಡಿದು ಬೀದಿ ಅಳೆದರು. ಭಾನುವಾರ ಬೀದಿಯವರ ಸಭೆಯಲ್ಲಿ ಎದ್ದು ನಿಂತು, "ಹಂಪ್ ಬರೋದು ಲಕ್ಷ್ಮೀಕಾಂತರ ಗೇಟಿನ ಮುಂದೆ. ತಿರುವು ಇರೋದು ಅಲ್ಲೇ," ಎಂದರು.

ಚಪ್ಪಾಳೆ ಬೀಳಲಿಲ್ಲ. ವಿಮಾ ಏಜೆಂಟ್ ಲಕ್ಷ್ಮೀಕಾಂತನ ಮುಖ ಕೆಂಪಾಯಿತು. "ಇಷ್ಟು ದೊಡ್ಡ ಬೀದಿಯಲ್ಲಿ ನಮ್ಮನೇನೇ ಕಾಣಿಸ್ತಾ ಮೇಡಂ ನಿಮಗೆ?" ಹಂಪ್ ಬೇಕೆಂದು ದುಂಬಾಲು ಬಿದ್ದವರೇ ಅವನ ಬೆನ್ನು ಸವರಿ ಸಮಾಧಾನ ಮಾಡಿದರು.

ಹಂಪ್ ಬಂತು. ಬೈಕುಗಳ ಹಾರಾಟ ನಿಂತಿತು. ಟೀಚರಿಗೆ ಅರಿಶಿನ-ಕುಂಕುಮದ ಕರೆ ಬರುವುದೂ ನಿಂತಿತು. ಲಕ್ಷ್ಮೀಕಾಂತ ಸ್ವಲ್ಪ ಕಾಲ ಮುಖ ಊದಿಸಿಕೊಂಡಿದ್ದ. ಆಮೇಲೆ ಅವನಿಗೆ ಹೊಳೆಯಿತು: ಊರಿನ ಗಾಡಿಗಳೆಲ್ಲ ತನ್ನ ಗೇಟಿನ ಮುಂದೆಯೇ ನಿಧಾನ ಮಾಡುತ್ತಿವೆ! ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ತೆರೆದು ಹಳದಿ ಬೋರ್ಡ್ ತೂಗುಹಾಕಿದ. ಹಂಪಿನ ಮೇಲೆ ಕುಲುಕಿದವರಿಗೆಲ್ಲ ಬೋರ್ಡ್ ಕಂಡು, ಯಾರಿಗೋ ಫೋನ್ ಮಾಡುವುದಿದೆ ಎಂದು ನೆನಪಾಗುತ್ತಿತ್ತು. ಹೆಂಡತಿ ಮಾನಸಳಿಗೆ ಊಟಕ್ಕೆ ಏಳಲೂ ಪುರುಸೊತ್ತಿಲ್ಲದಂತಾಯಿತು.

ಮತ್ತೆ ಚುನಾವಣೆ ಬಂದಾಗ ಟೀಚರ್ ಸೋತರು. ಗೆದ್ದವನು ಹಾಲಸ್ವಾಮಿ. ಅವನು ಕೊಟ್ಟಿದ್ದ ಭರವಸೆ ಒಂದೇ: ಹಂಪ್ ವಿಚಾರದಲ್ಲಿ ಎಲ್ಲರ ಭಾವನೆಗಳನ್ನೂ ಗೌರವಿಸಿ ಸೂಕ್ತ ಕ್ರಮ.

ವಾರ ಕಳೆದ ಮೇಲೆ ಟೀಚರ್ ತಂಗಿಗೆ ಫೋನ್ ಮಾಡಲು ಬೂತಿಗೆ ಬಂದರು. ಮಾತು ಮುಗಿಸಿ ಹೊರಬಂದವರು ಲಕ್ಷ್ಮೀಕಾಂತನ ಎದುರು ನಿಂತರು.

"ಹಂಪಿನಿಂದ ನಿಮಗೆ ಒಳ್ಳೇದೇ ಆಯ್ತಲ್ಲ?"

"ಆಯ್ತು ಮೇಡಂ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನೀವು ಬೆರಳಿಟ್ಟು 'ಇಲ್ಲೇ' ಅನ್ನೋರು. ನಾಳೆ ಕಸದ ತೊಟ್ಟಿ ಎಲ್ಲಿಡೋದು ಅಂತ ಬಂದ್ರೆ? ಇಡೀ ಬೀದಿಗೇ ಆ ಹೆದರಿಕೆ."

"ಹಾಗಾದ್ರೆ ಹಾಲಸ್ವಾಮಿಗೇ ಓಟು ಹಾಕಿದ್ರಿ. ಹೌದೋ, ಇಲ್ವೋ?"

ಲಕ್ಷ್ಮೀಕಾಂತ ಮೇಜನ್ನು ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ. "ನೋಡಿ ಮೇಡಂ, ನಿಮ್ಮ ಮೇಲೆ ನಮ್ಮ ಮನೆಯೋರಿಗೆಲ್ಲ ಯಾವತ್ತಿದ್ರೂ ತುಂಬಾ ಗೌರವ."

ಸೋತ ಮೇಲೆ ಮೊದಲ ಸಲ ಟೀಚರಿಗೆ ನಗು ಉಕ್ಕಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಮುಂದಿನ ಸಲ ನೀವೇ ನಿಲ್ಲಿ ಮಾರಾಯ್ರೇ," ಎಂದರು. "ಖಂಡಿತ ಗೆಲ್ತೀರಿ."