ಕ್ರೇನಮ್ಮ ಇಳಿದ ದಿನ

“ಒಂಬತ್ತು ವಾರ ಆಗಿದೆ,” ಎಂದು ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆಯನ್ನು ಅವಳತ್ತ ತಿರುಗಿಸಿದರು.

ಅವಳು ನಕ್ಕುಬಿಟ್ಟಳು. ಮುಟ್ಟು ನಿಲ್ಲುವ ಕಾಲ ಬಂತೆಂದು ಮಾತ್ರೆ ಬರೆಸಿಕೊಳ್ಳಲು ಬಂದವಳು ಅವಳು. ವಯಸ್ಸು ನಲವತ್ತೊಂದು. ಇರುವ ಒಬ್ಬಳೇ ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು.

“ನೋಡಿ, ಮುಂದುವರಿಸಬಹುದು. ಈ ವಯಸ್ಸಿಗೆ ಪರೀಕ್ಷೆಗಳು ಜಾಸ್ತಿ, ಅಷ್ಟೆ. ಬೇಡ ಅಂದ್ರೆ ನಿಲ್ಲಿಸೋಕೂ ಇನ್ನೂ ಸಮಯ ಇದೆ. ನಿಮಗೆ ಏನು ಬೇಕು ಅಂತ ಯೋಚನೆ ಮಾಡಿ. ಮುಂದಿನ ವಾರ ಬಂದು ಹೇಳಿ.”

ಅವಳು ಸರಕು ಯಾರ್ಡಿನ ಕ್ರೇನ್ ಆಪರೇಟರ್. ನೂರ ನಲವತ್ತು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ, ಗಾಜಿನ ಗೂಡಿನಲ್ಲಿ ಕೂತು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ಲಾರಿಯ ಮೇಲಿಡುವ ಕೆಲಸ. ಮೊದಲ ದಿನ ಕೆಳಗೆ ನಿಂತು ‘ಕ್ರೇನಮ್ಮ ಬಂದ್ಲು’ ಎಂದು ಗೇಲಿ ಮಾಡಿದವರು ಇವತ್ತು ಅದೇ ಹೆಸರಿನಲ್ಲಿ ಮರ್ಯಾದೆಯಿಂದ ಕರೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಪೆಟ್ಟಿಗೆಗೂ ಗೀರು ಬಿದ್ದಿರಲಿಲ್ಲ.

ಗಂಡನದು ಕ್ಷೌರದಂಗಡಿ. ಸಂಜೆ ಮನೆಗೆ ಬಂದು ವಿಷಯ ಕೇಳಿದವನೇ ಅವನು ಬೀದಿ ಬಾಗಿಲು ಹಾಕಿದ.

“ಊರಿನ ಸುದ್ದಿಯೆಲ್ಲ ನನ್ನ ಕುರ್ಚಿ ಮೇಲೆ ಕೂತು ಹೋಗುತ್ತೆ ಕಣೇ. ಇನ್ಮೇಲೆ ನಮ್ಮ ಸುದ್ದೀನೇ ಕೂರುತ್ತೆ. ನಾಳೆ ಅಂಗಡಿ ಮುಚ್ತೀನಿ. ಹೋಗಿ ಮುಗಿಸ್ಕೊಂಡು ಬಂದುಬಿಡೋಣ.”

“ನನ್ನನ್ನ ಕೇಳಿದ್ರಾ?”

“ಇದರಲ್ಲಿ ಕೇಳೋದೇನಿದೆ?”

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. ಅವರಿಗೆ ಕಿವಿ ಮಂದ ಎಂದು ಮನೆಯವರೆಲ್ಲ ನಂಬಿದ್ದರು.

“ಸುಮ್ನಿರೋ. ಏಳು ಹೆತ್ತೆ ನಾನು. ಬೇಕೇನೇ ಅಂತ ಒಂದು ನರಪಿಳ್ಳೆ ಕೇಳಲಿಲ್ಲ. ನಿಮ್ಮಪ್ಪ ಕೇಳಲಿಲ್ಲ. ಅಷ್ಟು ಯಾಕೆ, ನನ್ನನ್ನ ನಾನೇ ಕೇಳ್ಕೊಳ್ಳಲಿಲ್ಲ. ಇವಳನ್ನ ಡಾಕ್ಟ್ರು ಕೇಳಿದ್ದಾರೆ. ಉತ್ತರ ಹೇಳೋಕೆ ಬಿಡು.” ಆಮೇಲೆ ಸೊಸೆಯತ್ತ ತಿರುಗಿ, “ಬೇಡ ಅಂದ್ರೆ ಆಸ್ಪತ್ರೆಗೆ ನಾನೇ ಜೊತೆಗೆ ಬರ್ತೀನಿ. ಬೇಕು ಅಂದ್ರೆ, ಎತ್ಕೊಂಡು ಓಡಾಡೋಕೆ ನನ್ನ ಮಂಡಿ ಒಪ್ಪಲ್ಲ, ಈಗ್ಲೇ ಹೇಳಿರ್ತೀನಿ. ಕೂತಲ್ಲೇ ತೂಗ್ತೀನಿ,” ಎಂದರು.

ಗಂಡ ಕೆಳಗೆ ಕೂತು ಚೆಲ್ಲಿದ್ದ ಬಟಾಣಿ ಸಿಪ್ಪೆಗಳನ್ನು ಆರಿಸತೊಡಗಿದ.

ಮರುದಿನ ಬೆಳಿಗ್ಗೆ ಗೂಡಿನಲ್ಲಿ ಕೂತು ಅವಳು ‘ಬೇಡ’ ಎಂದು ತೀರ್ಮಾನಿಸಿ ನೋಡಿದಳು. ಕೆಲಸ ಸಲೀಸಾಗಿ ಸಾಗಿತು. ಪಾಪಪ್ರಜ್ಞೆ ಏನೂ ಬಾಧಿಸಲಿಲ್ಲ. ಬಸುರಿಯರು ಏಣಿ ಹತ್ತುವಂತಿಲ್ಲ ಎಂಬುದು ಯಾರ್ಡಿನ ನಿಯಮ. ಇನ್ನು ಈ ಗೂಡು ಬಿಡಬೇಕಾಗಿಲ್ಲವಲ್ಲ ಎಂಬ ನೆಮ್ಮದಿಯೂ ಇತ್ತು. ಊಟವಾದ ಮೇಲೆ ‘ಬೇಕು’ ಎಂದುಕೊಂಡು ಕೂತಳು. ಮೂರನೆಯ ಪೆಟ್ಟಿಗೆ ಎತ್ತುವಷ್ಟರಲ್ಲಿ ಮನಸ್ಸಿನೊಳಗೇ ಮ್ಯಾನೇಜರನ ಜೊತೆ ಜಗಳಕ್ಕೆ ಬಿದ್ದಿದ್ದಳು. ನನ್ನ ಸೀಟು ಯಾಕೆ ಹೋಗಬೇಕು? ಯಾವ ನ್ಯಾಯ ಇದು? ಸಂಜೆಯವರೆಗೂ ವಾದ ಮುಗಿಯಲಿಲ್ಲ. ಮಗು ಬೇಡವೆನಿಸಿದ್ದರೆ ಅದಕ್ಕಾಗಿ ಇಷ್ಟು ಜಗಳ ಆಡುತ್ತಲೇ ಇರಲಿಲ್ಲ ಎಂದು ಅವಳಿಗೆ ಇಳಿಯುವಾಗ ಹೊಳೆಯಿತು. ಆದರೂ ಮತ್ತೆ ಮೂರು ದಿನ ತಡೆದಳು. ಉತ್ತರ ಬದಲಾಗಲಿಲ್ಲ.

“ಇಟ್ಕೋತೀನಿ,” ಎಂದಳು ಗಂಡನಿಗೆ.

“ಜನ...”

“ಜನಕ್ಕೆ ನಾನೇ ಹೇಳ್ತೀನಿ. ನೀವು ಬರೀ ಕತ್ತರಿ ಆಡಿಸ್ಕೊಂಡಿರಿ.”

ಮಗಳು ಫೋನಿನಲ್ಲಿ “ಅಮ್ಮಾ, ನಿಜವಾಗ್ಲೂ?” ಎಂದು ಎರಡು ಸಲ ಕೇಳಿ, “ನನ್ನ ಪರೀಕ್ಷೆ ಮುಗಿದ ಮೇಲೆ ಹುಟ್ಟೋ ಹಾಗೆ ನೋಡ್ಕೊ,” ಎಂದು ನಕ್ಕಳು.

ಡಾಕ್ಟರಮ್ಮನಿಗೆ ಉತ್ತರ ಹೇಳಿದ ಮರುದಿನವೇ ಅವಳು ಮ್ಯಾನೇಜರನ ಎದುರು ನಿಂತಳು.

“ನಿಯಮದ ಪ್ರಕಾರ ಇವತ್ತೇ ಕೆಳಗೆ ಬರ್ತೀನಿ ಸಾರ್. ಲಾರಿ ಸಾಲು ನೋಡ್ಕೋತೀನಿ. ಆದ್ರೆ ವಾಪಸ್ ಬಂದಾಗ ಆ ಗೂಡು ನನ್ನದೇ ಅಂತ ಬರೆದು ಕೊಡಿ.”

“ಅಷ್ಟರಲ್ಲಿ ಬೇರೆಯವರು ಕೂತಿರ್ತಾರಲ್ಲಮ್ಮ?”

“ಕೂತಿರಲಿ. ನಾನು ಬಂದ ದಿನ ಏಳಲಿ.”

“ಇದುವರೆಗೆ ಯಾರೂ ಹೀಗೆ ಕೇಳಿಲ್ಲ.”

“ಇದುವರೆಗೆ ನಿಮ್ಮ ಆಪರೇಟರುಗಳಲ್ಲಿ ಯಾರೂ ಬಸುರಿ ಆಗಿಲ್ಲ ಸಾರ್.”

ಮ್ಯಾನೇಜರ್ ಪೆನ್ನಿನ ಮುಚ್ಚಳವನ್ನು ಹಾಕಿದ, ತೆಗೆದ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಾಯುವುದು ಅವಳಿಗೆ ಹೊಸದಾಗಿರಲಿಲ್ಲ. ಗಾಳಿ ನಿಲ್ಲಲೆಂದು ಗಂಟೆಗಟ್ಟಲೆ ಮೇಲೆ ಕಾದವಳು. ಕೊನೆಗೆ ಅವನು ನಾಲ್ಕು ಸಾಲು ಬರೆದು, ಸಹಿ ಹಾಕಿ, ಮೊಹರು ಒತ್ತಿದ. ಅವಳು ಎರಡು ಸಲ ಓದಿ, ತಾರೀಕು ಬಿಟ್ಟುಹೋಗಿದೆ ಎಂದು ತೋರಿಸಿದಳು.

ಗೂಡಿನಲ್ಲಿದ್ದ ತನ್ನ ಸಾಮಾನು ತಂದುಕೊಳ್ಳಲು ಕೊನೆಯದಾಗಿ ಒಮ್ಮೆ ಹತ್ತುತ್ತೇನೆಂದು ಅವನನ್ನು ಒಪ್ಪಿಸಿದಳು. ಮೇಲೆ ಹೋದವಳು ಫ್ಲಾಸ್ಕು, ಸ್ವೆಟರು, ಕನ್ನಡಕವನ್ನು ಹೆಗಲ ಚೀಲಕ್ಕೆ ತುಂಬಿದಳು. ಗಾಜಿನಾಚೆ ಲಾರಿಗಳು ಇರುವೆ ಸಾಲಿನಂತಿದ್ದವು. ವಾಕಿಟಾಕಿಯ ಗುಂಡಿ ಒತ್ತಿದಳು. ಅದರಲ್ಲಿ ಆಡಿದ್ದು ಇಡೀ ಯಾರ್ಡಿಗೆ ಕೇಳುತ್ತಿತ್ತು.

“ಕ್ರೇನಮ್ಮ ಮಾತಾಡ್ತಿದೀನಿ. ಒಂದು ವರ್ಷ ಕೆಳಗಿರ್ತೀನಿ. ಬಸುರಿ ಇದೀನಿ. ವಯಸ್ಸು ನಲವತ್ತೊಂದು. ನಗೋರು ಈಗ್ಲೇ ನಕ್ಕು ಮುಗಿಸಿ, ಲಾರಿ ನಿಲ್ಲಿಸ್ಬೇಡಿ.”

ವಾಕಿಟಾಕಿ ಗೊರಗೊರ ಎಂದಿತು. ಯಾರೋ ಕೆಮ್ಮಿದರು. ಆಮೇಲೆ ಲಾರಿ ಸಾಲಿನ ಮೇಸ್ತ್ರಿಯ ದನಿ ಬಂತು: “ನಿಧಾನಕ್ಕೆ ಇಳೀರಮ್ಮ. ಏಣಿ ಕೆಳಗೆ ಜಾಗ ಖಾಲಿ ಮಾಡಿಸ್ತೀನಿ.”

ಅವಳು ಒಂದೊಂದೇ ಮೆಟ್ಟಿಲಿಗೆ ಪಾದ ಊರಿ ಇಳಿದಳು. ಕೆಳಗೆ ಸಂದರ್ಶಕರ ಹಳದಿ ಕೋಟು ತೊಟ್ಟು ಗಂಡ ನಿಂತಿದ್ದ. ತೋಳಿನ ಮೇಲೆ ಯಾರದೋ ಕೂದಲು ಇನ್ನೂ ಅಂಟಿತ್ತು. ಅರ್ಧ ದಿನಕ್ಕೇ ಅಂಗಡಿ ಮುಚ್ಚಿ ಬಂದಿದ್ದ.

“ಕುರ್ಚಿ ಮೇಲೆ ಕೂತವರಿಗೆಲ್ಲ ಬೆಳಿಗ್ಗೆಯಿಂದ ನಾನೇ ಹೇಳ್ತಿದೀನಿ,” ಎಂದು ಅವನು ಮೇಲಕ್ಕೆ ನೋಡಿ ಕೂಗಿದ. “ಯಾರೂ ಕೇಳೋಕೆ ಮುಂಚೇನೇ!”

ಕೊನೆಯ ಮೆಟ್ಟಿಲುಗಳು ಉಳಿದಾಗ ಅವನು ಕೈ ಚಾಚಿದ. ಅವಳು ಆ ಕೈಗೆ ತನ್ನ ಹೆಗಲ ಚೀಲವನ್ನು ಕೊಟ್ಟು, ತಾನಾಗಿಯೇ ನೆಲಕ್ಕಿಳಿದಳು.