ಬೀಗರ ಮನೆಯ ವಿಸ್ಕಿ

ಡಂಕನ್ ಮೂರನೆಯ ಬಾಟಲಿಯ ಬಿರಡೆ ತೆಗೆದಾಗ ನೀಲಗಂಗಾಳ ಕೈ ತಾನಾಗಿ ದುಪಟ್ಟಾದ ಅಂಚನ್ನು ಹುಡುಕಿತು. ಬೀಗರ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವುದು ಚೆನ್ನಾಗಿರುವುದಿಲ್ಲವೆಂದು ಅದನ್ನು ಮಡಿಲಲ್ಲೇ ಮುದ್ದೆ ಮಾಡಿ ಹಿಡಿದು ಕುಳಿತಳು. ಮೊದಲಿನ ಎರಡರ ಲೋಟಗಳನ್ನೂ ತುಟಿಗೆ ಸೋಕಿಸಿದ ಹಾಗೆ ಮಾಡಿ ಕೆಳಗಿಟ್ಟಾಗಿತ್ತು. ಇದೊಂದು ದಾಟಿದರೆ ಮುಗಿಯಿತು.

ಅಕ್ಟೋಬರಿನಲ್ಲಿ ಮಗಳು ಮಾನ್ಯಾಳಿಗೂ ಡಂಕನ್ ಅವರ ಮಗ ಇಯಾನ್‌ಗೂ ಮದುವೆ. ಮಾಂಗಲ್ಯಧಾರಣೆಯಾದ ಮೇಲೆ ಗಂಡಿನ ಕಡೆಯವರ ಪೂರ್ವಿಕರ ನಾಡಿನದೊಂದು ಶಾಸ್ತ್ರವಿತ್ತು. ಎರಡು ಹಿಡಿಗಳ ಬೆಳ್ಳಿ ಬಟ್ಟಲಿಗೆ ಸ್ಕಾಚ್ ಸುರಿದು, ಎರಡೂ ಮನೆಯ ಹಿರಿಯರು ಒಬ್ಬರಾದ ಮೇಲೊಬ್ಬರು ಕುಡಿಯಬೇಕು. ಇಯಾನ್‌ನ ತಾಯಿ ಕೋವಿಡ್‌ನ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಆದ್ದರಿಂದ ಬಟ್ಟಲು ಡಂಕನ್ ಕೈಯಿಂದ ನೇರವಾಗಿ ಹುಡುಗಿಯ ತಾಯಿಯ ಕೈಗೆ ಬರುವುದು. ಯಾವ ವಿಸ್ಕಿ ಎಂಬುದನ್ನು ಆಕೆಯೇ ಆರಿಸಲಿ ಎಂದು ಅವರು ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ನೀಲಗಂಗಾ ಮತ್ತು ಗಂಡ ಸಿದ್ಧಲಿಂಗೇಶ್ ಹಿಂದಿನ ದಿನವೇ ರಾಕ್‌ವಿಲ್‌ನಿಂದ ಮಾರಿಸ್‌ವಿಲ್‌ಗೆ, ಮಗಳ ಮನೆಗೆ ಬಂದಿದ್ದರು. ಇಯಾನ್‌ಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಮಾನ್ಯಾಳೇ ಎರಡು ಗಂಟೆ ಡ್ರೈವ್ ಮಾಡಿ ಅಪ್ಪ ಅಮ್ಮನನ್ನು ಪೈನ್ ಮರಗಳ ನಡುವಿನ ಈ ಮನೆಗೆ ಕರೆತಂದಿದ್ದಳು.

ಡಂಕನ್ ಅವರ ಪೂರ್ವಿಕರು ಸ್ಕಾಟ್ಲೆಂಡಿನ ಒಂದು ದ್ವೀಪದಿಂದ ಅಮೆರಿಕದ ಈ ಮರಳುನೆಲಕ್ಕೆ ಬಂದು ಇನ್ನೂರೈವತ್ತು ವರ್ಷಗಳಾಗಿದ್ದವಂತೆ. ವಿಸ್ಕಿಯ ನಾಡಿನವರಾದರೂ ಅವರು ಬೆಳೆದ ಮನೆಯಲ್ಲಿ ಹನಿ ಮದ್ಯವಿರಲಿಲ್ಲ. ತಂದೆ, ತಾತ ಇಬ್ಬರೂ ಚರ್ಚಿನ ಕಟ್ಟುನಿಟ್ಟಿನವರು. ಐವತ್ತನೆಯ ವಯಸ್ಸಿನಲ್ಲಿ ಆ ದ್ವೀಪ ನೋಡಲು ಹೋದಾಗ, ಜಡಿಮಳೆಗೆ ಸಿಕ್ಕಿ ನಡುಗುತ್ತಿದ್ದ ಅವರಿಗೆ ಯಾರೋ ಒಂದು ಲೋಟ ಕೊಟ್ಟರಂತೆ. ಅಲ್ಲಿಯವರೆಗೆ ವಂಶವೃಕ್ಷದ ಹಾಳೆಯಲ್ಲಿ ಬರೀ ಹೆಸರುಗಳಾಗಿದ್ದವರು ಅಂದು ನಾಲಿಗೆಯ ಮೇಲೆ ಬಂದು ಕುಳಿತರು ಎಂದರು. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ, ಒಂದು ಹನಿ ನೀರು ಬಿಟ್ಟು ಮೂಸಿ ನೋಡಿ, ಏನು ನೆನಪಾಗುತ್ತದೋ ಹೇಳಿ ಎಂದು ಲೋಟವನ್ನು ಅವಳತ್ತ ಸರಿಸಿದರು.

ನೀಲಗಂಗಾ ಉಸಿರು ಬಿಗಿಹಿಡಿದು ಬಗ್ಗಿ, ಮೆಲ್ಲಗೆ ಮೂಸಿದಳು. ಯಾವ ವಾಸನೆಗೆ ಹೆದರಿದ್ದಳೋ ಅದು ಅಲ್ಲಿರಲಿಲ್ಲ. ಅಭ್ಯಂಜನದ ಬೆಳಿಗ್ಗೆ ಹಸಿ ಸೌದೆ ತುರುಕಿದ ಬಚ್ಚಲೊಲೆ, ಒಲೆಯ ಬಾಯಿಯ ಬೆಚ್ಚನೆ ಬೂದಿ, ಎಲ್ಲೋ ಹಿಂದೆ ಒಂದಿಷ್ಟು ಜೇನು. ಅದನ್ನೆಲ್ಲ ಇಂಗ್ಲಿಷಿನಲ್ಲಿ ತೋಚಿದ ಹಾಗೆ ಹೇಳಿದಳು. ಇಷ್ಟು ಚೆನ್ನಾಗಿ ಇದನ್ನು ಯಾರೂ ಹೇಳಿರಲಿಲ್ಲವೆಂದು ಡಂಕನ್ ಮುಖವರಳಿಸಿದರು. ಒಂದು ಗುಟುಕು ಕುಡಿದಳು. ಗಂಟಲಿಂದ ಹೊಟ್ಟೆಯವರೆಗೆ ಯಾರೋ ದೀಪ ಹಿಡಿದು ಇಳಿದು ಹೋದಂತಾಯಿತು. ಇನ್ನೊಂದು ಗುಟುಕು ಕುಡಿದಳು.

"ಮಾನ್ಯಾ, ನೋಡು ನಿಮ್ಮಮ್ಮನ್ನ. ಕಣ್ಣು ಮುಚ್ಕೊಂಡು ಕುಡೀತಿದಾಳೆ," ಎಂದು ಸಿದ್ಧಲಿಂಗೇಶ್ ನಕ್ಕ.

ನೀಲಗಂಗಾ ಕಣ್ಣು ತೆರೆದಳು. ಲೋಟ ಖಾಲಿಯಾಗಿತ್ತು. ಕೊನೆಯ ಗುಟುಕು ಕುಡಿದದ್ದು ಅವಳಿಗೆ ನೆನಪಿರಲಿಲ್ಲ. ಅವಳ ನೋಟ ಆಗಲೇ ಬಾಟಲಿಯ ಮೇಲೆ ಹೋಗಿ, ಎಷ್ಟು ಉಳಿದಿದೆ ಎಂದು ಅಳೆಯುತ್ತಿತ್ತು. ಇದೇ ಇರಲಿ ಎಂದಷ್ಟೇ ಹೇಳಿ ಎದ್ದು ಮನೆ ಹಿಂದಿನ ಮರದ ಜಗಲಿಗೆ ಹೋದಳು. ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಬೆನ್ನು ಮಾಡಿ ನಿಂತಳು.

ಮಾನ್ಯಾ ಹಿಂದೆಯೇ ಬಂದಳು. "ಅಮ್ಮಾ, ಆರ್ ಯು ಓಕೆ? ಇಷ್ಟ ಆಗ್ಲಿಲ್ವಾ?"

"ತುಂಬಾ ಇಷ್ಟ ಆಯ್ತು ಕಣೇ. ಅದಕ್ಕೇ ಭಯ."

ಅಮ್ಮನ ಅಪ್ಪ, ತನ್ನ ತಾತ, ಕಾಮಾಲೆಯಿಂದ ಹೋದರು ಎಂದಷ್ಟೇ ಮಾನ್ಯಾಳಿಗೆ ಗೊತ್ತಿತ್ತು. ಉಳಿದದ್ದನ್ನು ನೀಲಗಂಗಾ ಈಗ ಹೇಳಿದಳು. ನಂಜನಗೂಡಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅವರು ಕುಡಿದು ಯಾರಿಗೂ ಹೊಡೆದವರಲ್ಲ, ಕೂಗಾಡಿದವರಲ್ಲ. ಮೊದಲ ಗುಟುಕಿಗೆ ಕಣ್ಣು ಮುಚ್ಚುತ್ತಿದ್ದರು. ಆಗ ಆ ಮುಖ ಎಷ್ಟು ಶಾಂತವಾಗುತ್ತಿತ್ತೆಂದರೆ, ಅದನ್ನು ನೋಡಲೆಂದೇ ಹನ್ನೊಂದು ವರ್ಷದ ಅವಳು ಎದುರಿಗೆ ಕುಳಿತಿರುತ್ತಿದ್ದಳು. ಆಮೇಲೆ ಶಾಲೆಗೆ ಹೋಗುವುದು ನಿಂತಿತು, ಊಟ ನಿಂತಿತು. ನಲವತ್ತೊಂದನೆಯ ವಯಸ್ಸಿಗೆ ಆಸ್ಪತ್ರೆಯ ಮಂಚದ ಮೇಲೆ, ಕೊನೆಯ ದಿನವೂ ಅವರು ಮಗಳ ಹತ್ತಿರ ಕೇಳಿದ್ದು ನೀರನ್ನಲ್ಲ.

"ನಿಮ್ಮಪ್ಪ ಎಲ್ಲಿ ಕಲ್ತುಬಿಡ್ತಾರೋ ಅಂತ ಇಷ್ಟು ವರ್ಷ ಅವರನ್ನ ಕಾದೆ. ನನ್ನನ್ನ ಯಾರೂ ಕಾಯ್ಲಿಲ್ಲ."

ಮಾನ್ಯಾ ಅಮ್ಮನ ಹತ್ತಿರ ಸರಿದಳು. "ಆ ಕಪ್‌ಗೆ ಆಪಲ್ ಜ್ಯೂಸ್ ಹಾಕೋಣ ಅಮ್ಮಾ. ನೋಬಡಿ ವಿಲ್ ನೋ."

ನೀಲಗಂಗಾ ತಲೆಯಾಡಿಸಿದಳು. "ಬೇಡ. ಅವರ ಮನೆ ಶಾಸ್ತ್ರ, ಸುಳ್ಳು ಮಾಡೋದು ಬೇಡ. ನೀನು ನನ್ನ ಪಕ್ಕದಲ್ಲೇ ನಿಂತಿರು. ಒಂದು ಗುಟುಕು ಆದ ತಕ್ಷಣ ಕೈಯಿಂದ ಕಿತ್ಕೋ. ನಾನು ನಗ್ತಾ ಇದ್ರೂ ಕಿತ್ಕೋ."

"ಐ ಆಮ್ ದ ಬ್ರೈಡ್, ಅಮ್ಮಾ."

"ಬ್ರೈಡ್ ಆದ್ರೂ."

ಒಳಗೆ ಬಂದು ಡಂಕನ್ ಅವರಿಗೂ ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಅವರು ಲೋಟಗಳನ್ನು ಒಂದೊಂದಾಗಿ ಎತ್ತಿ ಸಿಂಕ್‌ಗೆ ಒಯ್ದು ತೊಳೆದರು. ತೊಳೆಯುತ್ತಲೇ, ತಮ್ಮ ತಾತನಿಗೆ ಒಬ್ಬ ತಮ್ಮನಿದ್ದ, ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ ಎಂದರು.

ಹೊರಡುವ ಹೊತ್ತಿಗೆ ಆರಿಸಿದ ಬಾಟಲಿ ಆಗಲೇ ಕಾರಿನ ಟ್ರಂಕ್ ಸೇರಿತ್ತು. ಮದುವೆಯ ದಿನ ಅದನ್ನು ಹೆಣ್ಣಿನ ಕಡೆಯವರೇ ತರಬೇಕೆಂದು ಊಟದ ಹೊತ್ತಿಗೇ ಮಾತಾಗಿತ್ತು. ಸಿದ್ಧಲಿಂಗೇಶ್ ಟವೆಲ್ ಸುತ್ತಿ ಇಟ್ಟಿದ್ದ. ಬೇಕಾದರೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಎಂದು ಡಂಕನ್ ಮೆಲ್ಲಗೆ ಕೇಳಿದರು. ಹೂಂ ಎನ್ನಬಹುದಿತ್ತು. ಮಾನ್ಯಾಳ ಮನೆಯಲ್ಲಿರುತ್ತದೆ ಬಿಡಿ ಎಂದಳು ನೀಲಗಂಗಾ.

ಮಣ್ಣುದಾರಿ ಮುಗಿಯುವವರೆಗೂ ಟ್ರಂಕಿನಲ್ಲಿ ಬಾಟಲಿ ಅತ್ತಿತ್ತ ಉರುಳುತ್ತಿತ್ತು. ಮುಂದಿನ ಸೀಟಿನಲ್ಲಿ ಸಿದ್ಧಲಿಂಗೇಶ್ ನಿದ್ದೆ ಹೋದ. ಮಾನ್ಯಾ ಕನ್ನಡಿಯಲ್ಲಿ ಆಗಾಗ ಅಮ್ಮನನ್ನು ನೋಡುತ್ತಿದ್ದಳು. ಹೈವೇ ಸೇರಿದ ಮೇಲೆ ಸದ್ದು ನಿಂತಿತು. ನೀಲಗಂಗಾ ಕುಳಿತಲ್ಲೇ ತಿರುಗಿ ಹಿಂದಕ್ಕೆ, ಟ್ರಂಕಿನ ಕಡೆ ನೋಡಿದಳು.