ಹುಚ್ಚವ್ವನ ಗಂಟಿನ ದಾರ

2003ರಲ್ಲಿ ನಮ್ಮ ಪ್ರಾಧ್ಯಾಪಕರು ಕುರುಬರ ದೇವರು ಬೀರಪ್ಪನ ಹಾಡುಗಳನ್ನೆಲ್ಲ ಸಂಪಾದಿಸಿ ಸಿಡಿಗೆ ಹಾಕಲು ಹೊರಟರು. ಟೈಪಿಂಗು, ಫೋಟೋ, ಹಳ್ಳಿ ತಿರುಗುವುದು ಎಲ್ಲಕ್ಕೂ ನಾನೇ. "ಇನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು, ಚೇತನಾ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾನೂ ನಂಬಿದ್ದೆ, ದಡ್ಡಿ.

ಹುನಗುಂದದ ಹತ್ತಿರದ ಹಳ್ಳಿಯ ಹುಚ್ಚವ್ವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವಳ ಪುಸ್ತಕವೆಂದರೆ ಒಂದು ಮಾರುದ್ದದ ಉಣ್ಣೆದಾರ. ಹಾಡಿನ ಒಂದೊಂದು ಸಂಧಿಗೆ ಒಂದೊಂದು ಗಂಟು: ಬೀರಪ್ಪ ಹುಟ್ಟುವಲ್ಲಿ ಸಣ್ಣದು, ಕಾಳಗಕ್ಕೆ ದಪ್ಪದು, ಅಗಲಿದ ಅಕ್ಕ ತಮ್ಮ ಮತ್ತೆ ಸೇರುವಲ್ಲಿ ಜೋಡಿ. ತಾಯಿ ಕಟ್ಟಿಕೊಟ್ಟದ್ದು. ಬೆರಳಿಗೆ ಗಂಟು ಸಿಗದಿದ್ದರೆ ಮೂರನೆಯ ಸಂಧಿಗೇ ದಾರಿ ತಪ್ಪುತ್ತಿದ್ದಳು.

"ಫೋಟೋ ತಗಸಿ ಸೋಮವಾರ ದಾರ ತಂದ್ಕೊಡ್ತೇನಿ ಯವ್ವಾ. ಅವತ್ತ ಹಾಡು ರೆಕಾರ್ಡ್ ಮಾಡೂಣು," ಅಂದೆ.

"ನನ್ನ ಕಣ್ಣ ಕೊಡಾಕತ್ತೇನಿ, ಜ್ವಾಕಿ," ಅಂದಳು.

ಬಾಗಲಕೋಟೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ಶನಿವಾರ ಇಳಕಲ್ಲಿನ ಮನೆಗೆ ಬಂದೆ. ದಾರವನ್ನು ಮಗ್ಗದ ಪಕ್ಕ ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅದು ನಮ್ಮವ್ವ ಕಾಳವ್ವನ ತೊಡೆಯ ಮೇಲಿತ್ತು. ನೂಲಿನಲ್ಲಿ ಗಂಟು ಕಂಡರೆ ನೇಕಾರರ ಕೈ ಸುಮ್ಮನಿರುವುದಿಲ್ಲ.

"ಎಷ್ಟ ಗಂಟು ಬಿದ್ದಿದ್ದುವ ಇದಕ! ಸೂಜಿ ಹಾಕಿ ಎಲ್ಲಾ ಬಿಡಿಸೇನಿ ನೋಡು," ಎಂದು ನಕ್ಕಳು.

ಅವಳನ್ನು ಬೈಯುವುದಾದರೂ ಹೇಗೆ? ನಲವತ್ತು ವರ್ಷ ಅವಳು ಮಾಡಿದ್ದೇ ಅದು; ಇಟ್ಟು ಹೋದವಳು ನಾನು.

ಭಾನುವಾರವಿಡೀ ಫೋಟೋ ಮುಂದಿಟ್ಟುಕೊಂಡು ಮತ್ತೆ ಕಟ್ಟಿದೆ. ಅದರಲ್ಲಿ ಕಾಣುವುದು ಒಂದೇ ಮಗ್ಗುಲು. ಯಾವ ಗಂಟು ಎಷ್ಟು ಸುತ್ತು, ಎಷ್ಟು ಬಿಗಿ ಎಂದು ಯಾರನ್ನು ಕೇಳಲಿ? ಗಂಟುಗಳ ಲೆಕ್ಕ ಮಾತ್ರ ಸರಿಹೋಯಿತು.

ಸೋಮವಾರ ರೆಕಾರ್ಡರಿನ ಮುಂದೆ ದಾರ ಹಿಡಿದು ಹುಚ್ಚವ್ವ ಹಾಡತೊಡಗಿದಳು. ಎರಡು ಸಂಧಿ ಮುಗಿದವು. ಮೂರನೆಯ ಗಂಟಿನ ಮೇಲೆ ಬೆರಳು ನಿಂತಿತು.

"ಇದ ಯಾರ ಕೈ?"

ಎಲ್ಲ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ಫೋಟೋದಾಗ ನಮ್ಮವ್ವ ಕಟ್ಟಿದ್ದು ಅದಾವೇನು?"

"ಅದಾವು ಯವ್ವಾ. ಎಲ್ಲಾ ಅದಾವು."

"ಹಂಗಾರ ನನ್ನ ಬೆರಳ ಅದರ ಮ್ಯಾಲ ಇಡು."

ಚೀಲದಿಂದ ಫೋಟೋ ತೆಗೆದು ಇಟ್ಟೆ. ಅವಳು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಮತ್ತೊಮ್ಮೆ ಸವರಿದಳು. ಕಾಗದ ನುಣ್ಣಗಿತ್ತು.

"ಒಯ್ಯವ್ವಾ, ಕಣ್ಣಿದ್ದವ್ರಿಗೆ ಆಗತೈತಿ," ಎಂದು ಫೋಟೋ ನನ್ನ ಕೈಗೆ ಕೊಟ್ಟಳು.

ಮರುವರ್ಷ ಸಿಡಿ ಬಂತು. ದಾರದ ಫೋಟೋ ಚೆನ್ನಾಗಿ ಮೂಡಿದೆ, ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು. ಹುಚ್ಚವ್ವನ ಹಾಡು ಎರಡನೆಯ ಸಂಧಿಗೆ ಮುಗಿಯುತ್ತದೆ.